ಮುಂಬೈ ಸದನಕ್ಕ ಕನ್ನಡ ನಾಡು ಕೇಳಿದ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿ

ಹೊಳೆಮಣ್ಣೂರ (ರೋಣ): ವಿಧಾನಸಭೆ ಅಧಿವೇಶನ ಶುರು ಆತು ಅಂದ್ರ ಮೊಬೈಲಿಗೆ ಪಿಡಿಎಫ್ ಬರೋದು ಈಗ ರೂಢಿ ಆಗೇತಿ. ಎಡಕ್ಕ ಪ್ರಶ್ನೆ, ಬಲಕ್ಕ ಉತ್ತರ. (ಅ), (ಆ), (ಇ) ಅಂತ ಸಾಲು. ಇಂಥ ಸಮಸ್ಯೆ ಸರ್ಕಾರದ ಗಮನಕ್ಕೆ ಬಂದಿದೆಯೇ ಅಂತ ಶಾಸಕರು ಕೇಳಿರ್ತಾರ, ಬಂದಿದೆ ಅಂತ ಸಚಿವರು ಬರೆದಿರ್ತಾರ. ಹಾಗಾದರೆ ಕೈಗೊಂಡ ಕ್ರಮವೇನು ಅಂತ ಮುಂದಿನ ಸಾಲು, ಪರಿಶೀಲನೆಯಲ್ಲಿದೆ ಅಂತ ಅದರ ಜವಾಬು. ಕಡೀಗೆ ಒಂದು ಉದ್ಭವಿಸುವುದಿಲ್ಲ. ಮಲಪ್ರಭಾ ದಂಡಿಯ ಊರುಗಳಾಗ ಹೊಳಿ ಬಂದು ಬೆಳಿ ಕಳಕೊಂಡವರು ಇಂಥ ಹಾಳಿಯನ್ನ ಅಂಗಡಿ ಕಟ್ಟಿ ಮ್ಯಾಲೆ ಕುಂತು ಓದ್ತಾರ. ಓದಿ ಮುಗಿಸಿದ ಮ್ಯಾಲೆ ಬರೋ ಮಾತು ಒಂದೇ: ಕೇಳಿ ಏನು ಉಪಯೋಗ ಆತು?

ಈ ಮಾತನ್ನ ಬಾಯಿಲೆ ಆಡದ, ನಡೆದು ತೋರಿಸಿದ ಒಬ್ಬ ಶಾಸಕರು ಇದೇ ರೋಣ ಸೀಮೆಯವರು. ಅವರು ಕೇಳಬೇಕಾಗಿದ್ದ ಸರ್ಕಾರ ಬೆಂಗಳೂರಿನಲ್ಲೂ ಇರಲಿಲ್ಲ, ಬೆಳಗಾವಿಯಲ್ಲೂ ಇರಲಿಲ್ಲ. ಮುಂಬೈಯಲ್ಲಿತ್ತು. ಅವರು ಕೇಳಿದ್ದು ರಸ್ತೆ, ಬಾವಿ, ಸಾಲಿ ಅಲ್ಲ. ನಮ್ಮನ್ನು ನಿಮ್ಮ ರಾಜ್ಯದಿಂದ ಬಿಡಿಸಿ ಕನ್ನಡಿಗರದೇ ಒಂದು ರಾಜ್ಯ ಮಾಡಿಕೊಡಿ ಅಂತ ಕೇಳಿದ್ದು. ಅವರೇ ಜಕ್ಕಲಿಯ ಅಂದಾನಪ್ಪ ಜ್ಞಾನಪ್ಪ ದೊಡ್ಡಮೇಟಿ.

ಅಂದಾನಪ್ಪನವರು ಹುಟ್ಟಿದ್ದು 1908ರ ಮಾರ್ಚ್ 8ರಂದು, ನರೇಗಲ್ ಹತ್ತಿರದ ಜಕ್ಕಲಿಯಲ್ಲಿ. ಅಂದಾನಪ್ಪ, ಅಂದಾನಗೌಡ, ಅನ್ನದಾನಿ ಅನ್ನೋ ಹೆಸರು ನಮ್ಮ ಕಡೆ ಮನಿಗೊಂದು ಸಿಗ್ತಾವ. ಹಾಲಕೆರೆಯ ಅನ್ನದಾನೇಶ್ವರನ ಮೇಲಿನ ಭಕ್ತಿಯಿಂದ ಬಂದ ಹೆಸರುಗಳು ಅವು. ಇನ್ನು ಮೇಟಿ ಅಂದ್ರ ಕಣದ ನಡುವ ನಿಲ್ಲಿಸೋ ಕಂಬ. ಎತ್ತು ಅದನ್ನ ಸುತ್ತಿಕೋತ ಹಂತಿ ತುಳಿತಿದ್ವು. ರಾಶಿ ಯಂತ್ರ ಬಂದ ಮ್ಯಾಲೆ ಹುಟ್ಟಿದ ಹುಡುಗರಿಗೆ ಇದನ್ನ ಬಿಡಿಸಿ ಹೇಳಬೇಕಾಗ್ತದ.

ಆಗಿನ ನಕಾಶೆ ಹೆಂಗಿತ್ತು ಅನ್ನೋದು ತಿಳಿಯದಿದ್ದರ ಈ ಮನುಷ್ಯನ ಹಠ ಅರ್ಥ ಆಗೂದಿಲ್ಲ. ರೋಣ, ಗದಗ, ನರಗುಂದ ಬ್ರಿಟಿಷರ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಪಕ್ಕದ ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಲಕ್ಷ್ಮೇಶ್ವರ ಮಿರಜಿನದ್ದು. ಹೊಳಿ ಮ್ಯಾಲಿನ ರಾಮದುರ್ಗಕ್ಕ ಅದರದೇ ರಾಜ. ಗಜೇಂದ್ರಗಡ ದಾಟಿ ಮೂಡಣಕ್ಕ ಹೋದ್ರ ಯಲಬುರ್ಗಾ, ಕೊಪ್ಪಳ, ಅದು ನಿಜಾಮನ ಸೀಮೆ. ಅಲ್ಲಿ ರೂಪಾಯಿಯೇ ಬ್ಯಾರೆ. ನಿಜಾಮನ ಹಾಲಿ ಸಿಕ್ಕಾ 7 ರೂಪಾಯಿ ಕೊಟ್ರ ಬ್ರಿಟಿಷರ 6 ರೂಪಾಯಿ. ಗಡಿ ದಾಟೋ ಮಾಲಿಗೆ ಸುಂಕ, ಅದಕ್ಕ ಕರೋಡಗಿರಿ ಅಂತಿದ್ರು. ಬೀಗರು ಎರಡೂ ಕಡೆ, ಭಾಷೆ ಎರಡೂ ಕಡೆ ಕನ್ನಡ, ಆದರೆ ವ್ಯಾಪಾರಿ ಚೀಲಕ್ಕ ನಡುವ ನಾಕಾ. ಕನ್ನಡದ ಊರುಗಳು ಹಿಂಗ ಮುಂಬೈ, ಮದ್ರಾಸ್, ಹೈದರಾಬಾದ್, ಮೈಸೂರು, ಕೊಡಗು ಮತ್ತು ಸಣ್ಣಪುಟ್ಟ ಸಂಸ್ಥಾನಗಳಲ್ಲಿ ಹರಿದು ಹಂಚಿಹೋಗಿದ್ದವು. ಕರ್ನಾಟಕ ಅನ್ನೋ ಹೆಸರಿನ ರಾಜ್ಯ ಯಾವ ಸರ್ಕಾರದ ಕಾಗದದ ಮೇಲೂ ಇರಲಿಲ್ಲ.

ಅದನ್ನ ಒಂದು ಮಾಡಬೇಕು ಅನ್ನೋ ಆಸೆ ಅಂದಾನಪ್ಪನವರಿಗಿಂತ ಹಳೇದು. ಧಾರವಾಡದಲ್ಲಿ 1890ರಲ್ಲೇ ವಿದ್ಯಾವರ್ಧಕ ಸಂಘ ಆಗಿತ್ತು. ಆಲೂರ ವೆಂಕಟರಾಯರು ಊರೂರು ತಿರುಗಿ ಕನ್ನಡಿಗರನ್ನ ಎಬ್ಬಿಸಿದ್ದರು. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ತನ್ನ ಪ್ರಾಂತ ಸಮಿತಿಗಳನ್ನ ಭಾಷೆ ಪ್ರಕಾರ ಮಾಡೋದಕ್ಕೆ ಒಪ್ಪಿತು, ಕರ್ನಾಟಕಕ್ಕ ಒಂದು ಸಮಿತಿ ಸಿಕ್ಕಿತು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಾಡಿದ ನಾಡಗೀತೆ ನಮ್ಮ ಗದಗಿನ ಹುಯಿಲಗೋಳ ನಾರಾಯಣರಾಯರದು. ಆಗ ಅಂದಾನಪ್ಪನವರಿಗೆ ಹದಿನಾರು ವರ್ಷ. ಸ್ವಾತಂತ್ರ್ಯ ಚಳವಳಿಗೆ ಬಿದ್ದರು, ಜೈಲು ಕಂಡರು. ಅವರ ತಲೆಮಾರಿನ ಧಾರವಾಡ ಜಿಲ್ಲೆಯ ಕಾರ್ಯಕರ್ತರಿಗೆ ಬ್ರಿಟಿಷರನ್ನ ಕಳಿಸೋದು ಮತ್ತು ಕನ್ನಡ ನಾಡನ್ನ ಕೂಡಿಸೋದು ಎರಡೂ ಒಂದೇ ಕೆಲಸ ಆಗಿತ್ತು. ಒಂದು ಆದ ದಿನ ಇನ್ನೊಂದೂ ಆಗ್ತದ ಅಂತ ಅವರು ನಂಬಿದ್ದರು. ಆ ನಂಬಿಕೆಗೆ ಪೆಟ್ಟು ಬಿದ್ದದ್ದು ಸ್ವಾತಂತ್ರ್ಯ ಬಂದ ಮ್ಯಾಲೆ.

ಅಂದಾನಪ್ಪನವರು ಕಾಂಗ್ರೆಸ್ಸಿನಿಂದ ಮುಂಬೈ ಶಾಸನಸಭೆಗೆ ಹೋದರು. ಈಗ ರೋಣದಿಂದ ಬೆಳಗಾವಿ ಸುವರ್ಣಸೌಧಕ್ಕ ಮುಂಜಾನೆ ಹೋಗಿ ಸಂಜೀಕ ಬರಬಹುದು. ಆಗ ಮುಂಬೈ ಅಂದ್ರ ಗದಗ, ಹುಬ್ಬಳ್ಳಿ, ಲೋಂಡಾ, ಮಿರಜ್ ಮೇಲೆ ಪುಣೆತನಕ ಮೀಟರ್ ಗೇಜ್ ರೈಲು, ಅಲ್ಲಿ ಇಳಿದು ಗಂಟು ಹೊತ್ತುಕೊಂಡು ಬ್ರಾಡ್ ಗೇಜ್ ರೈಲು ಹತ್ತಬೇಕು. ಸದನ ನಡೀತಿದ್ದದ್ದು ಗೇಟ್‌ವೇ ಆಫ್ ಇಂಡಿಯಾ ಸಮೀಪದ ಕೌನ್ಸಿಲ್ ಹಾಲಿನಲ್ಲಿ. ಅದು ಮೊದಲು ಹಡಗಿನ ನಾವಿಕರ ವಸತಿಗೃಹ ಆಗಿತ್ತು, ಈಗ ಮಹಾರಾಷ್ಟ್ರ ಪೊಲೀಸರ ಮುಖ್ಯ ಕಚೇರಿ. 1935ರ ಕಾಯ್ದೆ ಪ್ರಕಾರ ಮುಂಬೈ ವಿಧಾನಸಭೆಗೆ 175 ಸ್ಥಾನ. ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ ನಾಲ್ಕೇ ಕನ್ನಡ ಜಿಲ್ಲೆ. ಉಳಿದವರೆಲ್ಲ ಹೆಚ್ಚಿನಂಶ ಮರಾಠಿ, ಗುಜರಾತಿ ಮಂದಿ. ಅದೇ ಕಾಯ್ದೆಯ 85ನೇ ಕಲಂ ಪ್ರಕಾರ ಸದನದ ಕಲಾಪ ಇಂಗ್ಲಿಷಿನಲ್ಲಿ. ಇಂಗ್ಲಿಷ್ ಬಾರದವರಿಗೆ, ಸಾಲದವರಿಗೆ ಮಾತ್ರ ತಮ್ಮ ಭಾಷೆಯಲ್ಲಿ ಮಾತಾಡೋ ಅವಕಾಶ. ಕನ್ನಡ ಅಲ್ಲಿ ರಿಯಾಯಿತಿ ಮೇಲೆ ಒಳಗೆ ಬರೋ ಭಾಷೆ.

ಶಾಸಕ ಸರ್ಕಾರವನ್ನ ಪ್ರಶ್ನೆ ಕೇಳಬಹುದು ಅನ್ನೋದು ಸುಮ್ಮನೆ ಬಂದದ್ದಲ್ಲ. 1892ರ ಕಾಯ್ದೆ ಬರೋತನಕ ಕೌನ್ಸಿಲ್ ಸದಸ್ಯರಿಗೆ ಪ್ರಶ್ನೆ ಕೇಳೋ ಹಕ್ಕೇ ಇರಲಿಲ್ಲ. ಆ ಕಾಯ್ದೆ ಕೊಟ್ಟದ್ದೂ ಅರ್ಧ. ಪ್ರಶ್ನೆ ಕೇಳಬಹುದು, ಉತ್ತರ ಬಂದ ಮ್ಯಾಲೆ ಸುಮ್ಮನೆ ಕೂಡಬೇಕು. ಉಪಪ್ರಶ್ನೆ ಇಲ್ಲ. 1909ರಲ್ಲಿ ಪ್ರಶ್ನೆ ಕೇಳಿದವನಿಗೇ ಒಂದು ಉಪಪ್ರಶ್ನೆಯ ಅವಕಾಶ ಬಂತು. 1919ರ ಸುಧಾರಣೆ ನಂತರ ಯಾವ ಸದಸ್ಯ ಬೇಕಾದರೂ ಉಪಪ್ರಶ್ನೆ ಕೇಳಬಹುದು ಅಂತ ಆತು. ಆಗಲೂ ಶಿಕ್ಷಣ, ಆರೋಗ್ಯ, ಸ್ಥಳೀಯ ಸಂಸ್ಥೆ, ಕೃಷಿ ಮಾತ್ರ ಮಂತ್ರಿಗಳ ಕೈಯಾಗ. ಪೊಲೀಸು, ಹಣಕಾಸು, ಜಮೀನಿನ ಕಂದಾಯ ಗವರ್ನರನ ಕಡೆಯವರ ಕೈಯಾಗ. ಗದಗ ತಾಲ್ಲೂಕಿನ ಹೊಂಬಳದ ಸಿದ್ದಪ್ಪ ಕಂಬಳಿ ಅವರು ಆ ಕಾಲದ ಕೌನ್ಸಿಲಿನಲ್ಲಿದ್ದು ಮಂತ್ರಿಯೂ ಆದವರು. 1937ರ ಏಪ್ರಿಲ್ 1ರಿಂದ ಪ್ರಾಂತದ ಆಡಳಿತ ಪೂರ್ತಿ ಚುನಾಯಿತ ಮಂತ್ರಿಮಂಡಲಕ್ಕ ಬಂತು. ಬಿ.ಜಿ. ಖೇರ್ ಮುಂಬೈ ಪ್ರಾಂತದ ಮೊದಲ ಕಾಂಗ್ರೆಸ್ ಪ್ರಧಾನಿ ಆದರು. ಆಗ ಪ್ರಾಂತದ ಮುಖ್ಯಮಂತ್ರಿಗೆ ಪ್ರಧಾನಿ ಅಂತಲೇ ಕರೀತಿದ್ರು.

ಈಗಿನಂಗ ಆಗಲೂ ಶಾಸಕನ ಕೈಯಾಗ ಎರಡು ಮೂರು ಆಯುಧ. ಪ್ರಶ್ನೆ ಕೇಳಿದ್ರ ಮಾಹಿತಿ ಸಿಗ್ತದ. ಚುಕ್ಕಿ ಗುರುತಿನದಾದರ ಸಚಿವರು ಎದ್ದು ನಿಂತು ಹೇಳಬೇಕು, ಮ್ಯಾಲೆ ಉಪಪ್ರಶ್ನೆ ಹಾಕಬಹುದು. ಚುಕ್ಕಿ ಇಲ್ಲದ್ದಾದರ ಬರೆದ ಉತ್ತರ ಬರ್ತದ, ಅಲ್ಲಿಗೆ ಮುಗೀತು. ಸದನವೇ ಒಂದು ಅಭಿಪ್ರಾಯ ಹೇಳಬೇಕು ಅಂದ್ರ ನಿರ್ಣಯ ಮಂಡಿಸಬೇಕು. ನಿರ್ಣಯ ಪಾಸಾದರೂ ಅದು ಶಿಫಾರಸು ಅಷ್ಟೇ, ಕಾನೂನಲ್ಲ. ಇದನ್ನ ಮಂದಿ ಮರೀತಾರ. ಸದನದಾಗ ನಿರ್ಣಯ ಪಾಸಾತು ಅಂತ ಪಟಾಕಿ ಹಚ್ಚಿದ ಎಷ್ಟೋ ಊರುಗಳು ಆಮ್ಯಾಲೆ ವರ್ಷಗಟ್ಟಲೆ ಕಾದಾವ.

ಕನ್ನಡ ಪ್ರಾಂತದ ವಿಷಯದಾಗ ತೊಡಕು ಇನ್ನೂ ದೊಡ್ಡದಿತ್ತು. ಹೊಸ ಪ್ರಾಂತ ಮಾಡೋ ಅಧಿಕಾರ ಮುಂಬೈ ಸರ್ಕಾರಕ್ಕ ಇರಲೇ ಇಲ್ಲ. 1935ರ ಕಾಯ್ದೆಯ 290ನೇ ಕಲಂ ಪ್ರಕಾರ ಅದು ಲಂಡನ್ನಿನ ಅರಸನ ಆಜ್ಞೆಯಿಂದ ಆಗಬೇಕು. ಸಂವಿಧಾನ ಬಂದ ಮ್ಯಾಲೆ 3ನೇ ವಿಧಿ ಪ್ರಕಾರ ದಿಲ್ಲಿಯ ಸಂಸತ್ತು ಮಾಡಬೇಕು. ಹಂಗಾಗಿ ಮುಂಬೈ ಮಂತ್ರಿಗಳಿಗೆ ತಪ್ಪಿಸಿಕೊಳ್ಳೋ ದಾರಿ ಸದಾ ತೆರೆದೇ ಇತ್ತು: ಇದು ನಮ್ಮ ಕೈಯಾಗ ಇಲ್ಲ. ಆದರೆ ಕನ್ನಡಿಗರ ಕೈಯಾಗ ಒಂದು ಉದಾಹರಣೆ ಇತ್ತು. 1936ರ ಏಪ್ರಿಲ್ 1ರಂದು ಸಿಂಧ್ ಅನ್ನು ಇದೇ ಮುಂಬೈ ಪ್ರಾಂತದಿಂದ ಬಿಡಿಸಿ ಬ್ಯಾರೆ ಪ್ರಾಂತ ಮಾಡಿದ್ದರು. ಅದೇ ದಿನ ಒರಿಸ್ಸಾನೂ ಹುಟ್ಟಿತ್ತು. ಅವರಿಗೆ ಆಗಬಹುದಾದದ್ದು ಧಾರವಾಡಕ್ಕ ಯಾಕ ಆಗಬಾರದು?

1938ರಲ್ಲಿ ಧಾರವಾಡ ಜಿಲ್ಲೆಯ ಸದಸ್ಯ ವಿ.ಎನ್. ಜೋಗ್ ಅವರು ಮುಂಬೈ ವಿಧಾನಸಭೆಯಲ್ಲಿ ಕರ್ನಾಟಕ ಪ್ರಾಂತದ ನಿರ್ಣಯ ಮಂಡಿಸಿದರು, ಸದನ ಒಪ್ಪಿತು. ಬ್ರಿಟಿಷ್ ಸರ್ಕಾರ ಹೊಸ ಪ್ರಾಂತಗಳ ಮಾತು ಸದ್ಯಕ್ಕಿಲ್ಲ ಅಂತ ಕೈ ತೊಳಕೊಂಡಿತು. ಮರುವರ್ಷ ಯುದ್ಧ ಬಂತು, ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು, ಸದನಗಳು ಬಾಗಿಲು ಹಾಕಿದವು. 1942ರ ಚಲೇಜಾವ್ ಆತು. 1946ರಲ್ಲಿ ಮತ್ತ ಚುನಾವಣೆ, ಮತ್ತ ಖೇರ್ ಸರ್ಕಾರ.

1947ರಲ್ಲಿ ಕರ್ನಾಟಕ ಏಕೀಕರಣದ ನಿರ್ಣಯವನ್ನ ಮುಂಬೈ ವಿಧಾನಸಭೆಯಲ್ಲಿ ಮಂಡಿಸಿದವರು ಅಂದಾನಪ್ಪ ದೊಡ್ಡಮೇಟಿ. ಒಂಬತ್ತು ವರ್ಷದ ಹಿಂದೆ ಅದೇ ಸದನ ಒಪ್ಪಿದ್ದ ಮಾತನ್ನೇ ಮತ್ತೊಮ್ಮೆ ಕೇಳಬೇಕಾಗಿ ಬಂದಿತ್ತು. ಸದನ ಮತ್ತೊಮ್ಮೆ ಒಪ್ಪಿತು. ಈಗ ಬ್ರಿಟಿಷರ ಅಡ್ಡಿ ಇಲ್ಲ, ಮುಂಬೈಯಲ್ಲೂ ದಿಲ್ಲಿಯಲ್ಲೂ ತಮ್ಮದೇ ಪಕ್ಷ, ಆ ಪಕ್ಷ 1920ರಿಂದ ಭಾಷಾವಾರು ಪ್ರಾಂತದ ಭಾಷೆ ಕೊಟ್ಟದ್ದು. ಹಂಗಾಗಿ ಇನ್ನೇನು ಕೆಲಸ ಆದಂಗ ಅಂತ ಕನ್ನಡಿಗರು ತಿಳಕೊಂಡಿದ್ದರ ಅದರಾಗ ತಪ್ಪೇನಿಲ್ಲ.

ಆದದ್ದು ಬ್ಯಾರೆ. ದೇಶ ಒಡೆದಿತ್ತು, ನಿರಾಶ್ರಿತರು ಬಂದಿದ್ದರು, ಸಂಸ್ಥಾನಗಳ ವಿಲೀನ ನಡೆದಿತ್ತು. ದಿಲ್ಲಿಗೆ ಭಾಷೆ ಮೇಲೆ ರಾಜ್ಯ ಅಂದ್ರ ಮತ್ತೊಂದು ಒಡಕು ಅಂತ ಅಂಜಿಕೆ ಹತ್ತಿತು. ಧರ್ ಆಯೋಗ 1948ರ ಡಿಸೆಂಬರಿನಲ್ಲಿ ಭಾಷಾವಾರು ಪ್ರಾಂತ ಈಗ ಬ್ಯಾಡ ಅಂತ ವರದಿ ಕೊಟ್ಟಿತು. ಅದರ ಮ್ಯಾಲೆ ನೆಹರು, ಪಟೇಲ್, ಪಟ್ಟಾಭಿ ಮೂವರ ಸಮಿತಿ, 1949ರಲ್ಲಿ ಅದೂ ಮುಂದಕ್ಕ ಹಾಕಿತು, ಆಂಧ್ರದ ಮಾತನ್ನ ಮಾತ್ರ ಸ್ವಲ್ಪ ಬಾಗಿಲು ತೆರೆದು ಇಟ್ಟಿತು. ಈ ಅಂಜಿಕೆ ಪೂರ್ತಿ ಸುಳ್ಳು ಅನ್ನಲಿಕ್ಕೂ ಬರೂದಿಲ್ಲ, ಆ ವರ್ಷಗಳಾಗ ದೇಶ ಕಂಡದ್ದು ಸಣ್ಣ ರಕ್ತಪಾತ ಅಲ್ಲ. ಆದರೆ ರೋಣದ ರೈತನಿಗೆ, ಗದಗಿನ ಹತ್ತಿ ವ್ಯಾಪಾರಿಗೆ ಇದು ದಿಲ್ಲಿಯ ತತ್ವದ ಮಾತಾಗಿರಲಿಲ್ಲ. ತನ್ನ ಜಿಲ್ಲೆಯ ಕೆಲಸದ ಕಡತ ತನಗ ಬಾರದ ಭಾಷೆಯಲ್ಲಿ, ತಾನು ಹೋಗಲಾರದ ಊರಿನಲ್ಲಿ ಇತ್ತು.

1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಮುಂಬೈ ವಿಧಾನಸಭೆ 315 ಸ್ಥಾನಕ್ಕ ಬೆಳೆದಿತ್ತು. ಅಂದಾನಪ್ಪನವರು ರೋಣದಿಂದ ಕಾಂಗ್ರೆಸ್ ಶಾಸಕರಾಗಿ ಅಲ್ಲಿ ಹೋದರು. ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿ. ಆ ವರ್ಷದ ಕಡೀಗೆ, ಡಿಸೆಂಬರ್ 15ರಂದು, ಆಂಧ್ರ ರಾಜ್ಯಕ್ಕಾಗಿ ಉಪವಾಸ ಕುಂತಿದ್ದ ಪೊಟ್ಟಿ ಶ್ರೀರಾಮುಲು ತೀರಿಕೊಂಡರು. ಗಲಭೆ ಎದ್ದಿತು, ನಾಲ್ಕೇ ದಿನದಾಗ ದಿಲ್ಲಿ ಆಂಧ್ರ ರಾಜ್ಯಕ್ಕ ಒಪ್ಪಿತು. 1953ರ ಜನವರಿಯ ಹೈದರಾಬಾದ್ ಕಾಂಗ್ರೆಸ್ ಅಧಿವೇಶನದಲ್ಲೂ ಆಂಧ್ರಕ್ಕ ಹೂಂ, ಕರ್ನಾಟಕಕ್ಕ ಕಾಯಿರಿ. ಕನ್ನಡ ನಾಡಿಗೆ ಇದರಿಂದ ತಿಳಿದದ್ದು ಒಂದು ಕಹಿ ಸಂಗತಿ. ಸದನದಾಗ ಎರಡೆರಡು ಸಲ ನಿರ್ಣಯ ಪಾಸು ಮಾಡಿದವರಿಗೆ ಸಿಗದ್ದು ಬೀದಿಯ ಗಲಭೆಗೆ ಸಿಕ್ಕಿತ್ತು.

ಅದೇ 1953ರ ಆರಂಭದಲ್ಲಿ ಅಂದಾನಪ್ಪನವರು ತಮ್ಮ ಜಕ್ಕಲಿ ಮನೆಯ ಗೋಡೆ ಮೇಲೆ ಕನ್ನಡ ತಾಯಿ ಭುವನೇಶ್ವರಿಯ ಚಿತ್ರ ಬರೆಸಿದರು. ಬರೆದವರು ಗದಗಿನ ಕಲಾವಿದ ಸಿ.ಎನ್. ಪಾಟೀಲರು. ಇಲ್ಲದ ರಾಜ್ಯಕ್ಕ ಒಂದು ತಾಯಿಯನ್ನ ಮನಿ ಗೋಡೆ ಮ್ಯಾಲೆ ಕೂಡಿಸಿಬಿಟ್ಟರು. ನಾಡನ್ನು ಹೊಗಳುವ ಸ್ತೋತ್ರವೊಂದನ್ನೂ ಅವರು ಬರೆದಿದ್ದರು. ರಾಜಕಾರಣಿಗೆ ಇಷ್ಟು ಭಾವುಕತೆ ಯಾಕ ಅಂತ ಈಗ ಅನಿಸಬಹುದು. ಆದರೆ ಸರ್ಕಾರದ ಕಾಗದದಾಗ ಜಾಗ ಸಿಗದ ಹೆಸರಿಗೆ ಇರಲಿಕ್ಕೆ ಮತ್ತೆಲ್ಲಿ ಜಾಗ ಇತ್ತು?

ಮಾರ್ಚ್ 28ರಂದು ಹುಬ್ಬಳ್ಳಿ ಪಕ್ಕದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಉಪವಾಸ ಕುಂತರು. ಇಪ್ಪತ್ತಮೂರು ದಿನ. ಊರೂರಿನಿಂದ ಚಕ್ಕಡಿ ಕಟ್ಟಿಕೊಂಡು ಮಂದಿ ಅದರಗುಂಚಿಗೆ ಹೋದರು. ಏಪ್ರಿಲ್ 19ರಂದು ಹುಬ್ಬಳ್ಳಿಯಲ್ಲಿ ಪ್ರದೇಶ ಕಾಂಗ್ರೆಸ್ ಸಮಿತಿಯ ಸಭೆ ಇತ್ತು. ಶಾಸಕರು, ಸಂಸದರು ರಾಜೀನಾಮೆ ಬಿಸಾಕಿ ಹೊರಗ ಬರಬೇಕು ಅಂತ ಸಾವಿರಾರು ಮಂದಿ ಸಭೆಯನ್ನೇ ಸುತ್ತುಗಟ್ಟಿದರು. ಕಲ್ಲು ಬಿದ್ದವು, ಗುಂಡು ಹಾರಿದವು. ಒಳಗ ಕುಂತಿದ್ದ ನಾಯಕರೂ ಏಕೀಕರಣದ ಪರ ಇದ್ದವರೇ. ಆದರೆ ಪಕ್ಷದ ಶಿಸ್ತು ಬಿಡಲಿಕ್ಕೆ ಅವರಿಗೆ ಮನಸ್ಸಿರಲಿಲ್ಲ, ಸರ್ಕಾರದ ಒಳಗಿದ್ದೇ ಕೆಲಸ ಮಾಡಿಸಬೇಕು ಅನ್ನೋದು ಅವರ ವಾದ.

ಈ ವಾದವನ್ನ ಹಗುರ ಮಾಡಿ ನೋಡೂ ಹಂಗಿಲ್ಲ. ಕುರ್ಚಿ ಬಿಟ್ಟ ಶಾಸಕ ಪ್ರಶ್ನೆ ಕೇಳೋ ಹಕ್ಕನ್ನೂ ಬಿಟ್ಟಂಗ. ಸದನದಾಗ ಒಂದು ಕನ್ನಡ ದನಿ ಕಡಿಮಿ ಆದಂಗ. ತಾಲ್ಲೂಕಿನ ಬಾವಿ, ರಸ್ತೆ, ಸಾಲಿ ಬಗ್ಗೆ ಕೇಳೋರು ಯಾರು? ಬರಗಾಲದ ಸೀಮೆ ಇದು. ಆಗಿನ್ನೂ ಮಲಪ್ರಭಾಕ್ಕ ಅಣೆಕಟ್ಟು ಬಂದಿರಲಿಲ್ಲ, ಜೋಳ ಹತ್ತಿ ಮಳಿ ನಂಬಿ ಬೆಳೆಯೋ ಎರಿ ಹೊಲ. ಇಂಥಲ್ಲಿ ಆಳೋ ಪಕ್ಷದ ಶಾಸಕ ಮುಂಬೈ ಬಿಟ್ಟು ಬಂದ್ರ ನಷ್ಟ ಊರಿಗೂ ಇತ್ತು.

ಅಂದಾನಪ್ಪನವರು ಬಿಟ್ಟರು. ಏಕೀಕರಣಕ್ಕಾಗಿ ಮುಂಬೈ ವಿಧಾನಸಭೆಯ ಸದಸ್ಯತ್ವಕ್ಕ ರಾಜೀನಾಮೆ ಕೊಟ್ಟು ಜಕ್ಕಲಿಗೆ ಬಂದು ಉಪವಾಸ ಹಿಡಿದರು. ಹೈಕಮಾಂಡು ತಮ್ಮದು, ಮುಂಬೈ ಸರ್ಕಾರ ತಮ್ಮದು, ದಿಲ್ಲಿ ಸರ್ಕಾರ ತಮ್ಮದು, ಅವರೆಲ್ಲರ ಎದುರು ಕುಂತದ್ದು. ವಿರೋಧ ಪಕ್ಷದವರು ಕುರ್ಚಿ ಬಿಡೋದು ಒಂದು ಥರ, ಆಳೋ ಪಕ್ಷದವರು ಬಿಡೋದು ಇನ್ನೊಂದು ಥರ. ಮೊದಲಿನದಕ್ಕ ಚಪ್ಪಾಳೆ ಬೀಳ್ತದ, ಎರಡನೇದಕ್ಕ ಮುಂದಿನ ಟಿಕೆಟ್ಟು ಸಿಗ್ತದೋ ಇಲ್ಲೋ ಅನ್ನೋ ಲೆಕ್ಕ ಇರ್ತದ. ಆ ಲೆಕ್ಕ ಅವರು ಹಾಕಲಿಲ್ಲ. ಸದನ ತಾನೇ ಒಪ್ಪಿದ ನಿರ್ಣಯ ನಡೆಸದಿದ್ದರ ಆ ಸದನದಾಗ ಕುಂತು ಇನ್ನೊಂದು ಪ್ರಶ್ನೆ ಕೇಳೋದರಾಗ ಏನು ಹುರುಳೈತಿ ಅನ್ನೋದು ಆ ರಾಜೀನಾಮೆಯ ಅರ್ಥ.

ಒಬ್ಬರ ರಾಜೀನಾಮೆಯಿಂದ ರಾಜ್ಯ ಆಗಲಿಲ್ಲ, ಹಂಗಂತ ಹೇಳಿದ್ರ ಸುಳ್ಳಾಗ್ತದ. ಆ ವರ್ಷ ಅಖಂಡ ಕರ್ನಾಟಕ ರಾಜ್ಯ ನಿರ್ಮಾಣ ಪರಿಷತ್ತಿನ ಸತ್ಯಾಗ್ರಹದಾಗ ಸಾವಿರಾರು ಮಂದಿ ಜೈಲಿಗೆ ಹೋದರು. ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಬಂತು, ಬಳ್ಳಾರಿಯ ಏಳು ತಾಲ್ಲೂಕು ಮೈಸೂರಿಗೆ ಸೇರಿದವು. ಡಿಸೆಂಬರಿನಲ್ಲಿ ಫಜಲ್ ಅಲಿ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕ ಆತು. ಕೇಳೋದು ಈಗ ಸದನದಿಂದ ಆಯೋಗದ ಮುಂದಕ್ಕ ಬಂತು. ದೇಶದ ಮೂಲೆ ಮೂಲೆಯಿಂದ ಆಯೋಗಕ್ಕ ಬಂದ ಕಾಗದಪತ್ರ 1,52,250. ಅವುಗಳಾಗ ವಿಚಾರ ಮಾಡಿ ಬರೆದ ಮನವಿ ಎರಡು ಸಾವಿರ ದಾಟಲಿಲ್ಲ ಅಂತ ಆಯೋಗವೇ ವರದಿಯಲ್ಲಿ ದಾಖಲಿಸಿತು. ಉಳಿದವು ತಂತಿ, ಠರಾವು, ಸಹಿ ಹಾಕಿದ ಹಾಳಿಗಳು. ಆಯೋಗ 104 ಊರು ತಿರುಗಿತು, 9,000ಕ್ಕೂ ಹೆಚ್ಚು ಮಂದಿಯನ್ನ ಕಂಡು ಮಾತಾಡಿತು. 1955ರ ಸೆಪ್ಟೆಂಬರ್ 30ರಂದು ವರದಿ ಕೊಟ್ಟಿತು, ಕನ್ನಡ ಸೀಮೆಗಳನ್ನ ಕೂಡಿಸಬೇಕು ಅಂತ.

ಆಗ ಇನ್ನೊಂದು ತಿರುವು. ಹಳೇ ಮೈಸೂರಿನಲ್ಲೇ ಕೆಲವರಿಗೆ ಏಕೀಕರಣ ಬ್ಯಾಡಾಗಿತ್ತು. ಉತ್ತರದ ಬರಗಾಲದ ಜಿಲ್ಲೆಗಳು ಬಂದ್ರ ತಮ್ಮ ವಿದ್ಯುತ್ತು, ತಮ್ಮ ರೊಕ್ಕ ಅಲ್ಲಿಗೆ ಹರಿದುಹೋಗ್ತದ ಅನ್ನೋ ಅಂಜಿಕೆ ಅವರದು. ಬಡ ನಂಟರು ಬಂದಾರ ಅನ್ನೋ ಹಂಗ. ಮೈಸೂರಿನ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ತಮ್ಮವರ ವಿರೋಧ ಕಟ್ಟಿಕೊಂಡು ಏಕೀಕರಣದ ಪರ ನಿಂತರು, ರಾಜ್ಯ ಉದ್ಘಾಟನೆ ಆಗೂದರೊಳಗ ಕುರ್ಚಿ ಕಳಕೊಂಡರು. ಮಸೂದೆ ರಾಜ್ಯಗಳ ಸದನಗಳ ಅಭಿಪ್ರಾಯಕ್ಕ ಬಂತು, ಸಂಸತ್ತಿನಾಗ ಪಾಸಾತು. 1956ರ ನವೆಂಬರ್ 1ರಂದು ಧಾರವಾಡ, ವಿಜಾಪುರ, ಉತ್ತರ ಕನ್ನಡ ಮತ್ತು ಚಂದಗಡ ತಾಲ್ಲೂಕು ಬಿಟ್ಟು ಬೆಳಗಾವಿ ಜಿಲ್ಲೆ ಮುಂಬೈಯಿಂದ ಬಿಡುಗಡೆ ಆದವು. ರಾಯಚೂರು, ಕಲಬುರಗಿ, ಬೀದರ್ ಸೀಮೆ ಹೈದರಾಬಾದಿನಿಂದ, ದಕ್ಷಿಣ ಕನ್ನಡ, ಕೊಳ್ಳೇಗಾಲ ಮದ್ರಾಸಿನಿಂದ ಬಂದವು, ಕೊಡಗೂ ಕೂಡಿತು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿ. ಯಲಬುರ್ಗಾಕ್ಕ ಹೋಗೋ ಗಜೇಂದ್ರಗಡದ ವ್ಯಾಪಾರಿಗೆ ಎರಡೂ ಕಡೆ ಒಂದೇ ಸರ್ಕಾರ ಆತು.

1957ರ ಚುನಾವಣೆ ನಂತರ ಹೊಸ ರಾಜ್ಯದ ವಿಧಾನಸಭೆಗೆ 208 ಸದಸ್ಯರು. ಅಂದಾನಪ್ಪನವರನ್ನ ರೋಣದ ಮಂದಿ ಅಲ್ಲಿಗೂ ಕಳಿಸಿದರು. ಈ ಸಲ ರೈಲು ಪುಣೆ ಕಡೆ ಅಲ್ಲ, ತೆಂಕಣಕ್ಕ. ಸದನದಾಗ ಸುತ್ತಲೂ ಕನ್ನಡ. ಆದರೆ ಬಾಗಿಲ ಮ್ಯಾಲಿನ ಹೆಸರು ಮೈಸೂರು ರಾಜ್ಯ. ಅವರು ಮುಂಬೈಯಲ್ಲಿ ಕೇಳಿದ್ದು ಕರ್ನಾಟಕ, ಬಂದದ್ದು ಮೈಸೂರು. ಉತ್ತರದವರಿಗೆ ಈ ಹೆಸರು ಬಾಳ ವರ್ಷ ಚುಚ್ಚಿತು. ಹಳೇ ಸಂಸ್ಥಾನದ ಹೆಸರಿನಡಿ ತಮ್ಮನ್ನ ಸೇರಿಸಿಕೊಂಡಾರ, ತಾವು ಕೂಡಿ ಕಟ್ಟಿದ್ದಲ್ಲ ಅನ್ನೋ ಭಾವನೆ.

ರೋಣ, ನರಗುಂದದ ಕಡೆ ಇನ್ನೊಂದು ಕೇಳಿಕೆ ಮೊದಲಿನಿಂದಲೂ ಇತ್ತು, ನೀರು. ನವಿಲುತೀರ್ಥದ ಅಣೆಕಟ್ಟು 1972ರ ಹೊತ್ತಿಗೆ ಎದ್ದು ನಿಂತಿತು. ಕಾಲುವೆ ಬಂತು, ಕಾಲುವೆ ಹಿಂದ ಅಭಿವೃದ್ಧಿ ಕರ ಬಂತು, ನೀರು ಸರಿಯಾಗಿ ಬರದ ಹೊಲಕ್ಕೂ ಕರ ಕಟ್ಟು ಅಂದಾಗ 1980ರ ಜುಲೈ 21ರಂದು ನರಗುಂದದಾಗ ರೈತರು ಬಂಡೆದ್ದರು. ಹೊಳಿ ಈಗ ಬ್ಯಾಸಿಗ್ಯಾಗ ಬತ್ತಿ, ಗೇಟು ತೆರೆದಾಗ ಊರೊಳಗ ಬರ್ತದ. ಹೊಳೆಆಲೂರ ಭಾಗದ ಊರುಗಳು ತಾಲ್ಲೂಕಿಗೆ ರೋಣ, ವೋಟಿಗೆ ನರಗುಂದ ಕ್ಷೇತ್ರ. ಹಂಗಾಗಿ ಇಲ್ಲಿಯ ಪ್ರವಾಹದ ಪ್ರಶ್ನೆ ಸದನದಾಗ ನರಗುಂದ ಕ್ಷೇತ್ರದ ಪಾಲಿಗೆ ಬರ್ತದ, ಅರ್ಜಿ ಹಾಕೋದು ಮಾತ್ರ ರೋಣದ ಕಚೇರಿಯಾಗ. ಹದಿನೈದು ದಿನ ಮೊದಲು ನೋಟಿಸು, ಚೀಟಿ ಎತ್ತೋದು, ಚುಕ್ಕಿ ಸಿಕ್ಕಿದ್ರ ಸಿಕ್ಕಿತು, ಇಲ್ಲಾಂದ್ರ ಬರೆದ ಉತ್ತರ.

ಅಣೆಕಟ್ಟಿನ ನೀರು ಹೊಲಕ್ಕ ಹರಿಯೋದನ್ನ ಅಂದಾನಪ್ಪನವರು ಹೆಚ್ಚು ಕಾಣಲಿಲ್ಲ. 1972ರ ಫೆಬ್ರುವರಿ 21ರಂದು ತೀರಿಕೊಂಡರು, ಅರವತ್ನಾಲ್ಕು ತುಂಬಲಿಕ್ಕೆ ಹದಿನಾರು ದಿನ ಬಾಕಿ ಇತ್ತು. ರಾಜ್ಯಕ್ಕ ಕರ್ನಾಟಕ ಅಂತ ಹೆಸರು ಬಿದ್ದದ್ದು 1973ರ ನವೆಂಬರ್ 1ರಂದು, ದೇವರಾಜ ಅರಸು ಅವರ ಕಾಲದಲ್ಲಿ. ಗದಗ ಜಿಲ್ಲೆ ಆದದ್ದು 1997ರಲ್ಲಿ. ಅವರು ತೀರಿಕೊಂಡ ದಿನ ಜಕ್ಕಲಿಗೆ ಹಾಕೋ ಕಾಗದದ ಮ್ಯಾಲೆ ಬರೀತಿದ್ದ ವಿಳಾಸ ರೋಣ ತಾಲ್ಲೂಕು, ಧಾರವಾಡ ಜಿಲ್ಲೆ, ಮೈಸೂರು ರಾಜ್ಯ.

ಸಿ.ಎನ್. ಪಾಟೀಲರು ಬರೆದ ಭುವನೇಶ್ವರಿ ಜಕ್ಕಲಿಯ ಆ ಮನಿ ಗೋಡೆ ಮ್ಯಾಲೆ ಹಂಗೇ ಅದಾಳ. ಈಚಿನ ವರ್ಷಗಳಾಗ ಸರ್ಕಾರ ನಾಡದೇವಿಗೆ ಒಂದು ಅಧಿಕೃತ ಚಿತ್ರ ಮಾಡಬೇಕು ಅಂತ ಹೊರಟಾಗ ಜಕ್ಕಲಿಯ ಚಿತ್ರದ ಮಾತು ಮತ್ತ ಬಂತು. ನವೆಂಬರ್ ಬಂತಂದ್ರ ನರೇಗಲ್ ದಾರಿ ಹಿಡಿದು ಅದನ್ನ ನೋಡಲಿಕ್ಕೆ ಬರೋರು ಇದ್ದೇ ಇರ್ತಾರ.